ಸತ್ಯವೇದವೂ ಪರಿಶುದ್ಧಗ್ರಂಥವೂ: ಕ್ರೈಸ್ತಶಾಸ್ತ್ರದ ನಿರ್ದೋಷತ್ವವಿಚಾರ

೧

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕು ತಾಲ್ಲೂಕುಗಳ ಸೀಮೆಯು ಕನ್ನಡ ತೆಲುಗುಗಳೆರಡೂ ಮನೆಮಾತಾಗಿ ನಡೆಯುವ ಸೀಮೆ. ಎರಡು ಭಾಷೆಗಳಲ್ಲಿಯೂ ಹಾಡಿದ ಕೈವಾರದ ನಾರೇಯಣ ಯತಿಗಳು ಈ ನೆಲದವರೇ. ಲಂಡನ್ ಮಿಶನ್ನಿನವರು ಚಿಕ್ಕಬಳ್ಳಾಪುರದಲ್ಲಿ ನೆಲೆಯೂರಿ ಆಸ್ಪತ್ರೆಯನ್ನು ನಡೆಯಿಸಿದುದೂ ಜನರಿಗೆ ವಿದಿತವಾಗಿರುವ ಸಂಗತಿ. ಈ ಸೀಮೆಯ ಕ್ರೈಸ್ತನು ತನ್ನ ಮತಗ್ರಂಥವನ್ನು ಕನ್ನಡದಲ್ಲಿ ಓದಿದರೆ ಅದರ ಹೆಸರು ‘ಸತ್ಯವೇದವು’. ತೆಲುಗಿನಲ್ಲಿ ಓದಿದರೆ ‘ಪರಿಶುದ್ಧ ಗ್ರಂಥಮು’. ತಮಿಳರು ಅದನ್ನೇ ‘ವೇದಾಗಮ’ವೆಂದರು, ಮಲೆಯಾಳಿಗಳು ‘ಸತ್ಯವೇದಪುಸ್ತಕ’ವೆಂದರು.

ವಸ್ತುವು ಒಂದೇ ಆದರೂ ನಾಮಭೇದವು ನಿರರ್ಥಕವಲ್ಲ. ಗ್ರಂಥವೆಂದರೆ ಗ್ರಥಿಸಲ್ಪಟ್ಟದ್ದು, ಗ್ರಥನಕ್ಕೆ ಒಬ್ಬ ಕರ್ತೃವಿರಲೇಬೇಕು. ವೇದವೆಂದೊಡನೆ, ಈ ದೇಶದ ಸಂಸ್ಕಾರವುಳ್ಳವನ ಮನಸ್ಸಿಗೆ ಕರ್ತೃವಿಲ್ಲದ, ಒಂದು ಸ್ವರವೂ ಪಲ್ಲಟವಾಗಬಾರದ ಶಬ್ದರಾಶಿಯು ತೋರುವುದು. ಕ್ರೈಸ್ತಶಾಸ್ತ್ರದಲ್ಲಿ ದೋಷವುಂಟೇ ಇಲ್ಲವೇ ಎಂಬ ವಾದವು ಪಾಶ್ಚಾತ್ಯರಲ್ಲಿ ಬಹುಕಾಲದಿಂದ ನಡೆದಿದೆ. ಆ ವಾದವನ್ನು ಕನ್ನಡದಲ್ಲಿ ವಿಚಾರಮಾಡುವವರು, ಈ ಎರಡು ಹೆಸರುಗಳಲ್ಲಿ ಯಾವುದು ವಸ್ತುಸ್ವರೂಪಕ್ಕೆ ಒಪ್ಪುವುದೆಂಬುದನ್ನು ಮೊದಲು ನಿರ್ಣಯಿಸಬೇಕು. ಹಾಗೆ ನಿರ್ಣಯಿಸದಿದ್ದರೆ ಒಂದು ಪ್ರಮಾಣಕ್ಕೆ ಸಲ್ಲುವ ಲಕ್ಷಣವನ್ನು ಮತ್ತೊಂದರಲ್ಲಿ ಹುಡುಕಿದಂತಾಗುವುದು.

೨

ಮೊದಲು ಪೂರ್ವಪಕ್ಷ. ಶಾಸ್ತ್ರವು ದೈವಪ್ರೇರಿತ, ದೇವರು ಸುಳ್ಳಾಡನು, ಆದಕಾರಣ ಶಾಸ್ತ್ರದಲ್ಲಿ ಮತವಿಷಯದಲ್ಲಾಗಲಿ, ಚರಿತ್ರೆ ಭೂಗೋಳಗಳ ವಿಷಯದಲ್ಲಾಗಲಿ ತಪ್ಪಿಲ್ಲ ಎಂಬುದು ನಿರ್ದೋಷತ್ವವಾದಿಗಳ ಅನುಮಾನ. ಅಮೆರಿಕೆಯ ಪ್ರಿನ್ಸ್‌ಟನ್ನಿನ ಹಾಡ್ಜ್ ಮತ್ತು ವಾರ್‌ಫೀಲ್ಡ್ ಎಂಬ ವಿದ್ವಾಂಸರು ೧೮೮೧ರಲ್ಲಿ ಇದನ್ನು ಶಾಸ್ತ್ರೀಯವಾಗಿ ನಿರೂಪಿಸಿದರು. ೧೯೭೮ರಲ್ಲಿ ಶಿಕಾಗೋ ನಗರದಲ್ಲಿ ಸೇರಿದ ಪಂಡಿತರು ಇದನ್ನೇ ಪ್ರಕಟನೆಯ ರೂಪದಲ್ಲಿ ವಿಸ್ತರಿಸಿದರು. ಎರಡು ಕಡೆಯಲ್ಲಿಯೂ ಒಂದು ನಿಯಮವನ್ನಿಟ್ಟರು. ಈ ನಿರ್ದೋಷತ್ವವು ಮೂಲಕರ್ತೃಗಳು ಬರೆದ ಪ್ರಥಮಲಿಖಿತಕ್ಕೆ ಮಾತ್ರ ಸಲ್ಲುವುದೇ ಹೊರತು ಪ್ರತಿಗಳಿಗೂ ಭಾಷಾಂತರಗಳಿಗೂ ಸಲ್ಲದು.

ಎಲ್ಲ ಕ್ರೈಸ್ತರೂ ಇದನ್ನು ಒಪ್ಪಿದವರಲ್ಲ. ರೋಮನ್ ಕಥೋಲಿಕರ ಎರಡನೆಯ ವ್ಯಾಟಿಕನ್ ಮಹಾಸಭೆಯು ೧೯೬೫ರಲ್ಲಿ, ನಮ್ಮ ರಕ್ಷಣೆಗಾಗಿ ದೇವರು ಬರೆಯಿಸಿದ ಸತ್ಯವನ್ನು ಶಾಸ್ತ್ರವು ತಪ್ಪಿಲ್ಲದೆ ಬೋಧಿಸುವುದೆಂದು ಪ್ರಯೋಜನದ ಕಡೆಗೆ ಒತ್ತುಕೊಟ್ಟಿತು. ೧೯೪೭ರಲ್ಲಿ ಏರ್ಪಟ್ಟ ದಕ್ಷಿಣ ಇಂಡಿಯಾ ಸಭೆಯು ರಕ್ಷಣೆಗೆ ಬೇಕಾದುದೆಲ್ಲವೂ ಶಾಸ್ತ್ರದಲ್ಲಿದೆಯೆಂದೂ ವಿಶ್ವಾಸಕ್ಕೆ ಅದೇ ಪರಮಪ್ರಮಾಣವೆಂದೂ ಹೇಳಿತು. ಲಂಡನ್ ಮಿಶನ್ನಿನ ಕೆಲಸದಿಂದ ಬೆಳೆದ ಚಿಕ್ಕಬಳ್ಳಾಪುರದ ಸಭೆಯು ಸೇರಿದುದು ಈ ಪಂಕ್ತಿಗೆ.

೩

ಇನ್ನು ಪ್ರಾಮಾಣ್ಯದ ವಿಚಾರ. ಮೀಮಾಂಸಕರ ಮತದಲ್ಲಿ ವೇದವು ಅಪೌರುಷೇಯ. ವಾಕ್ಯದ ದೋಷಗಳು ವಕ್ತೃವಿನ ಭ್ರಮಪ್ರಮಾದಾದಿಗಳಿಂದ ಬರತಕ್ಕವು. ವಕ್ತೃವೇ ಇಲ್ಲದಲ್ಲಿ ದೋಷಕ್ಕೆ ಆಶ್ರಯವಿಲ್ಲ. ಅಲ್ಲಿ ನಿರ್ದೋಷತ್ವವು ಶಬ್ದಸ್ವರೂಪವನ್ನೇ ಹಿಡಿದಿರುವುದರಿಂದ ಪದ, ಕ್ರಮ, ಜಟೆ, ಘನ ಎಂಬ ಪಾಠಕ್ರಮಗಳಿಂದ ಶಬ್ದವನ್ನು ಕಾಪಾಡಿದರು, ಭಾಷಾಂತರವು ವೇದವೆನಿಸದು.

ಕ್ರೈಸ್ತಶಾಸ್ತ್ರದ ಸ್ಥಿತಿಯು ಹೀಗಿಲ್ಲ. ಲೂಕನು ತನ್ನ ಸುವಾರ್ತೆಯ ಮೊದಲಿನಲ್ಲಿಯೇ ತಾನು ಎಲ್ಲವನ್ನೂ ವಿಚಾರಿಸಿ ಕ್ರಮವಾಗಿ ಬರೆಯುವುದಾಗಿ ಹೇಳುತ್ತಾನೆ. ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯಲ್ಲಿ ಕೆಲವರಿಗೆ ದೀಕ್ಷಾಸ್ನಾನ ಮಾಡಿಸಿದುದನ್ನು ಹೇಳಿ, ಇನ್ನು ಯಾರಿಗಾದರೂ ಮಾಡಿಸಿದೆನೋ ಅರಿಯೆನೆನ್ನುತ್ತಾನೆ. ಮರೆವನ್ನು ತಾನೇ ಒಪ್ಪಿಕೊಳ್ಳುವ ವಾಕ್ಯವು ಅಪೌರುಷೇಯವಾಗುವುದೆಂತು? ಈ ಶಾಸ್ತ್ರವು ನೈಯಾಯಿಕರು ಹೇಳುವ ಆಪ್ತವಾಕ್ಯಕ್ಕೆ ಸಮೀಪವಾದುದು. ಅಲ್ಲಿ ಪ್ರಾಮಾಣ್ಯವು ವಕ್ತೃವಿನ ಗುಣವನ್ನವಲಂಬಿಸಿದೆ. ಅರ್ಥವೇ ಅಲ್ಲಿ ಪ್ರಧಾನವಾದುದರಿಂದ ಭಾಷಾಂತರಕ್ಕೆ ಅಡ್ಡಿಯಿಲ್ಲ. ಯೇಸುವಿನ ಮಾತೃಭಾಷೆಯು ಅರಮಾಯಿಕ; ಅವನ ಮಾತುಗಳು ಉಳಿದಿರುವುದು ಗ್ರೀಕಿನಲ್ಲಿ. ಸುವಾರ್ತೆಯು ಹುಟ್ಟಿದುದೇ ಭಾಷಾಂತರವಾಗಿ ಎಂದರೂ ಸಲ್ಲುವುದು. ಹೀಗಿರಲು ತೆಲುಗಿನವರ ‘ಗ್ರಂಥ’ಶಬ್ದವೇ ವಸ್ತುವಿಗೆ ಹತ್ತಿರವಾದುದು. ಕನ್ನಡದ ‘ವೇದ’ಶಬ್ದವು ಗೌರವವನ್ನು ತಂದುಕೊಟ್ಟಿತು, ಅದರೊಡನೆ ಸಲ್ಲದ ನಿರೀಕ್ಷೆಯನ್ನೂ ತಂದಿತು.

೪

ಕನ್ನಡ ಸತ್ಯವೇದದ ಚರಿತ್ರೆಯೇ ಇದಕ್ಕೆ ಸಾಕ್ಷಿ. ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ೧೮೧೦ರಲ್ಲಿ ಬಳ್ಳಾರಿಗೆ ಬಂದನು. ನಿಘಂಟುಕಾರನಾದ ವಿಲಿಯಂ ರೀವ್ ಅವನಿಗೆ ಜೊತೆಯಾದನು. ಸಮಗ್ರ ಕನ್ನಡ ಬೈಬಲ್ ೧೮೩೧ರ ವೇಳೆಗೆ ಮುದ್ರಿತವಾಯಿತು. ಅದರಿಂದ ತೃಪ್ತಿಯಾಗದೆ ಬಾಸೆಲ್ ಮಿಶನ್ನಿನ ವೈಗ್ಲೆ ಮುಂತಾದವರು ಆ ಶತಮಾನದ ಮಧ್ಯದಲ್ಲಿ ಪರಿಷ್ಕರಣಕ್ಕೆ ಕೈಯಿಟ್ಟರು. ಪರಿಷ್ಕರಣವು ಮುಂದೆಯೂ ನಡೆಯಿತು. ವೇದಕ್ಕೆ ಪರಿಷ್ಕರಣವೆಂಬುದುಂಟೇ? ಗ್ರಂಥಕ್ಕೆ ಉಂಟು.

ಮೂಲದಲ್ಲಿಯೂ ಪಾಠಭೇದಗಳು ಅಸಂಖ್ಯ. ಜಾನ್ ಮಿಲ್ ಎಂಬ ಆಂಗ್ಲ ಪಂಡಿತನು ೧೭೦೭ರಲ್ಲಿ ಹೊಸ ಒಡಂಬಡಿಕೆಯನ್ನು ಪ್ರಕಟಿಸಿದಾಗ ಸುಮಾರು ೩೦,೦೦೦ ಪಾಠಾಂತರಗಳನ್ನು ತೋರಿಸಿದನು. ಅವುಗಳಲ್ಲಿ ಬಹುಭಾಗವು ಅಕ್ಷರವ್ಯತ್ಯಾಸ ಮಾತ್ರ, ಕೆಲವು ಹಾಗಲ್ಲ. ಮಾರ್ಕನ ಸುವಾರ್ತೆಯ ಕೊನೆಯ ೧೨ ವಚನಗಳು ಅತಿ ಪ್ರಾಚೀನವಾದ ಎರಡು ಮಹಾಪ್ರತಿಗಳಲ್ಲಿ ಇಲ್ಲ.

ಲೆಕ್ಕದ ಒಂದು ಉದಾಹರಣೆಯು ಇನ್ನೂ ಸ್ಪಷ್ಟವಾದುದು. ಅಹಜ್ಯನು ಪಟ್ಟಕ್ಕೆ ಬಂದಾಗ ಅವನ ವಯಸ್ಸು ೨೨ ಎಂದು ಅರಸುಗಳು ಎಂಬ ಗ್ರಂಥದ ದ್ವಿತೀಯಭಾಗವು ಹೇಳುತ್ತದೆ. ಪೂರ್ವಕಾಲವೃತ್ತಾಂತದ ದ್ವಿತೀಯಭಾಗದ ಹೀಬ್ರೂ ಪಾಠದಲ್ಲಿ ೪೨. ಅವನ ತಂದೆ ಯೆಹೋರಾಮನು ೩೨ನೆಯ ವಯಸ್ಸಿನಲ್ಲಿ ಪಟ್ಟಕ್ಕೆ ಬಂದು ೮ ವರ್ಷ ಆಳಿ ಸತ್ತವನು. ಎಂದರೆ ೪೦ ವರ್ಷ ಬದುಕಿದವನು. ೪೨ನ್ನು ಒಪ್ಪಿದರೆ ಮಗನು ತಂದೆಗಿಂತ ೨ ವರ್ಷ ಹಿರಿಯನಾಗಬೇಕಾಗುವುದು! ಸಿರಿಯಾ ಭಾಷೆಯ ಪ್ರಾಚೀನಾನುವಾದವು ಇಲ್ಲಿಯೂ ೨೨ ಎಂದೇ ಓದುತ್ತದೆ. ಇದು ಲಿಪಿಕಾರನ ಪ್ರಮಾದವೆಂಬುದರಲ್ಲಿ ಸಂದೇಹಪಡಬೇಕಾದುದಿಲ್ಲ.

ಇದಕ್ಕೆ ನಿರ್ದೋಷತ್ವವಾದಿಯು, ಪ್ರಥಮಲಿಖಿತದಲ್ಲಿ ೨೨ ಎಂದೇ ಇದ್ದಿತೆನ್ನುವನು. ಇರಬಹುದು. ಆದರೆ ಪ್ರಥಮಲಿಖಿತಗಳಲ್ಲಿ ಒಂದೂ ಉಳಿದಿಲ್ಲ. ಚಿಂತಾಮಣಿಯ ಓದುಗನ ಕೈಯಲ್ಲಿರುವುದು ಪ್ರತಿಯ ಪ್ರತಿಯ ಭಾಷಾಂತರ. ಯಾರ ಕೈಗೂ ಸಿಕ್ಕದ ಓಲೆಗೆ ನಿರ್ದೋಷತ್ವವನ್ನು ಹೇಳಿ ಕೈಯಲ್ಲಿರುವುದಕ್ಕೆ ಹೇಳದಿದ್ದರೆ, ವಾದವು ಖಂಡನೆಗೆ ಸಿಕ್ಕದೆ ಉಳಿಯುವುದು ನಿಜ, ಓದುಗನಿಗೆ ಉಪಕಾರವಾಗುವುದಿಲ್ಲ. ಕೇಶಿರಾಜನ ಸ್ವಹಸ್ತದ ಓಲೆಯು ದೊರೆತಿಲ್ಲ. ಆದರೂ ಕಿಟ್ಟೆಲನು ಪ್ರತಿಗಳನ್ನು ಸಂವಾದಿಸಿ ೧೮೭೨ರಲ್ಲಿ ಶಬ್ದಮಣಿದರ್ಪಣವನ್ನು ಮುದ್ರಿಸಿದನು. ಪಾಠಶೋಧನಕ್ಕೆ ಬೇಕಾದುದು ಪ್ರತಿಗಳೂ ವಿವೇಕವೂ, ನಿರ್ದೋಷತ್ವದ ಪ್ರತಿಜ್ಞೆಯಲ್ಲ.

೫

ಇನ್ನು ವಾದದ ಮೂಲವಾಕ್ಯ. ತಿಮೊಥೆಯನಿಗೆ ಬರೆದ ಎರಡನೆಯ ಪತ್ರಿಕೆಯ ೩ನೆಯ ಅಧ್ಯಾಯದ ೧೬ನೆಯ ವಚನವೇ ಇವರಿಗೆ ಮುಖ್ಯಾಧಾರ. ಗ್ರೀಕಿನಲ್ಲಿ ಅಲ್ಲಿ ಕ್ರಿಯಾಪದವಿಲ್ಲ. ‘ದೈವಪ್ರೇರಿತ’ ಎಂಬ ವಿಶೇಷಣವನ್ನು ಉದ್ದೇಶ್ಯಕ್ಕೆ ಸೇರಿಸಬಹುದು, ವಿಧೇಯವೆಂದೂ ಹೇಳಬಹುದು. ೧೬೧೧ರ ಇಂಗ್ಲಿಷ್ ಭಾಷಾಂತರವು ವಿಧೇಯವೆಂದು ಹಿಡಿಯಿತು. ೧೮೮೧ರ ಪರಿಷ್ಕರಣವು ಉದ್ದೇಶ್ಯಕ್ಕೆ ಸೇರಿಸಿತು. ಮೊದಲನೆಯ ಅನ್ವಯದಲ್ಲಿ ಪ್ರೇರಣೆಯನ್ನು ವಿಧಿಸಿದಂತಾಗುವುದು. ಎರಡನೆಯದರಲ್ಲಿ ಅದನ್ನು ಸಿದ್ಧವೆಂದು ಅನುವಾದಮಾತ್ರ ಮಾಡಿದಂತಾಗುವುದು. ವಿಶೇಷಣವು ವಿಶೇಷ್ಯದ ಹಿಂದೆ ಬರುವ ಕನ್ನಡದಲ್ಲಿ ಈ ಸಂದಿಗ್ಧತೆಯನ್ನು ಉಳಿಸಿಕೊಳ್ಳಲಾಗದು. ಭಾಷಾಂತರಕಾರನು ಒಂದು ಪಕ್ಷವನ್ನು ಹಿಡಿಯಲೇಬೇಕು. ಯಾವ ಪಕ್ಷವನ್ನು ಹಿಡಿದರೂ ಅಲ್ಲಿ ಸ್ಪಷ್ಟವಾಗಿ ವಿಧಿಸಿರುವುದು ಬೋಧನೆಗೂ ತಿದ್ದುವಿಕೆಗೂ ಆಗುವ ಉಪಯೋಗವನ್ನು. ನಿರ್ದೋಷತ್ವವಾಚಕವಾದ ಪದವೇ ಆ ವಾಕ್ಯದಲ್ಲಿ ಇಲ್ಲ.

೬

ಹಾಗಾದರೆ ಸಿದ್ಧಾಂತವೇನು? ಮೀಮಾಂಸಕರು ಅರ್ಥವಾದಗಳನ್ನು ವಿಧಿಯೊಡನೆ ಏಕವಾಕ್ಯತೆಯಿಂದ ಗ್ರಹಿಸಿದರು. ಅಗ್ನಿಯು ಅತ್ತನು, ಕಣ್ಣೀರು ಬೆಳ್ಳಿಯಾಯಿತು ಎಂಬ ಶ್ರುತಿಗೆ ಬೆಳ್ಳಿಯ ಉತ್ಪತ್ತಿಯಲ್ಲಿ ತಾತ್ಪರ್ಯವಿಲ್ಲ. ಯಾಗದಲ್ಲಿ ಬೆಳ್ಳಿಯನ್ನು ದಕ್ಷಿಣೆಯಾಗಿ ಕೊಡಬಾರದೆಂಬ ನಿಷೇಧದಲ್ಲಿ ತಾತ್ಪರ್ಯ. ಅಪೌರುಷೇಯವಾದ ವೇದಕ್ಕೇ ಈ ನ್ಯಾಯವು ಬೇಕಾಯಿತೆಂದ ಮೇಲೆ ಪೌರುಷೇಯವಾದ ಗ್ರಂಥಕ್ಕೆ ಹೇಳಬೇಕಾದುದೇನು? ಅಹಜ್ಯನ ವಯಸ್ಸಿನಲ್ಲಿ ಕ್ರೈಸ್ತಶಾಸ್ತ್ರದ ತಾತ್ಪರ್ಯವಿಲ್ಲ.

ಆದರೆ ಈ ನ್ಯಾಯಕ್ಕೆ ಇಲ್ಲಿ ಒಂದು ಮೇರೆಯುಂಟು. ವೇದದ ತಾತ್ಪರ್ಯವು ಕಾರ್ಯದಲ್ಲಿ ಎಂಬ ಮೀಮಾಂಸಕನಿಗೆ ನಡೆದ ಸಂಗತಿಗಳ ಹಂಗಿಲ್ಲ. ಕ್ರೈಸ್ತನಿಗೆ ಉಂಟು. ಕ್ರಿಸ್ತನು ಪುನರುತ್ಥಾನ ಹೊಂದದಿದ್ದರೆ ವಿಶ್ವಾಸವೇ ವ್ಯರ್ಥವೆಂದು ಪೌಲನೇ ಹೇಳಿದ್ದಾನೆ. ಆದುದರಿಂದ ಎಲ್ಲವನ್ನೂ ಅರ್ಥವಾದವೆಂದು ತಳ್ಳುವ ಲಾಘವವು ಅವನಿಗೆ ಸಲ್ಲದು. ಯಾವ ಸಂಗತಿಯಲ್ಲಿ ತಾತ್ಪರ್ಯವುಂಟು, ಯಾವುದರಲ್ಲಿಲ್ಲ ಎಂಬುದನ್ನು ಉಪಕ್ರಮೋಪಸಂಹಾರಾದಿ ಲಿಂಗಗಳಿಂದ ಒಂದೊಂದಾಗಿ ನಿರ್ಣಯಿಸುವುದು ಅವನ ಪಾಲಿಗೆ ಬಂದ ಕಷ್ಟದ ಕೆಲಸ. ನಿರ್ದೋಷತ್ವವಾದವು ಈ ಶ್ರಮವನ್ನು ತಪ್ಪಿಸಿಕೊಳ್ಳುವ ಒಂದು ಮಾರ್ಗ. ಎಲ್ಲವೂ ಕಥೆಯೆಂಬ ನಿರಾಕರಣವು ಇನ್ನೊಂದು.

ಈ ಶ್ರಮವನ್ನು ತಪ್ಪಿಸಿಕೊಳ್ಳದವನಿಗೆ ಆಫ್ರಿಕದ ನಟಾಲಿನ ಬಿಷಪ್ ಕೊಲೆನ್ಸೋ ನಿದರ್ಶನ. ಜುಲು ಭಾಷೆಗೆ ಭಾಷಾಂತರಮಾಡುತ್ತಿದ್ದಾಗ ಅವನ ಸಹಾಯಕನಾದ ವಿಲಿಯಂ ಎನ್‌ಗಿಡಿಯು ಜಲಪ್ರಳಯದ ಕಥೆಯನ್ನು ಕುರಿತು ಇದೆಲ್ಲವೂ ನಿಜವೇ ಎಂದು ಕೇಳಿದನು. ಬಿಷಪ್ಪನಿಗೆ ಹೌದೆನ್ನಲು ಮನಸ್ಸೊಪ್ಪಲಿಲ್ಲ. ಆ ಪ್ರಶ್ನೆಯ ಫಲವಾಗಿ ೧೮೬೨ರಲ್ಲಿ ಪಂಚಗ್ರಂಥಗಳ ವಿಮರ್ಶೆಯನ್ನು ಪ್ರಕಟಿಸತೊಡಗಿ ಮರುವರ್ಷವೇ ಮತದ್ರೋಹದ ವಿಚಾರಣೆಗೆ ಗುರಿಯಾದನು. ಭಾಷಾಂತರದ ಮಣೆಯ ಮೇಲೆ ಕುಳಿತ ಸಹಾಯಕನ ಪ್ರಶ್ನೆಗೆ ಪೀಠದ ಅಧಿಕಾರವು ಉತ್ತರವಾಗಲಾರದು.

ಅಂಥ ಪ್ರಶ್ನೆಯು ಶಿಡ್ಲಘಟ್ಟದ ಶಾಲೆಯಲ್ಲಿಯೂ ಏಳಬಹುದು. ಪ್ರತಿಯಕ್ಷರವೂ ನಿರ್ದೋಷವೆಂದು ಕಲಿತ ಹುಡುಗನಿಗೆ ೨೨ಕ್ಕೂ ೪೨ಕ್ಕೂ ಇರುವ ಭೇದವು ಕಂಡ ದಿನ ಗ್ರಂಥವೆಲ್ಲವೂ ಕುಸಿದಂತೆ ತೋರುವುದು. ತಾತ್ಪರ್ಯವನ್ನು ಹಿಡಿದು ಕಲಿತವನು ಅದನ್ನು ಲಿಪಿಕಾರನ ಪ್ರಮಾದವೆಂದು ತಿಳಿದು ಮುಂದೆ ಓದುವನು. ಕನ್ನಡ ಗದ್ಯದ ಚರಿತ್ರೆಯಲ್ಲಿ ಸ್ಥಾನವುಳ್ಳ ಈ ಗ್ರಂಥವನ್ನು ಬೋಧಿಸುವ ಅಧ್ಯಾಪಕರು ಪಾಠಾಂತರಗಳನ್ನು ಮರೆಮಾಡದೆ ಹೇಳುವುದೇ ಯುಕ್ತ. ‘ಸತ್ಯವೇದ’ವೆಂಬ ಹೆಸರು ರೂಢಿಯಲ್ಲಿ ನಿಂತಿರುವುದರಿಂದ ಅದನ್ನು ಬದಲಿಸಬೇಕಾದುದಿಲ್ಲ, ಅಲ್ಲಿ ‘ವೇದ’ಶಬ್ದವು ಗೌಣವೆಂಬುದನ್ನು ತಿಳಿದರೆ ಸಾಕು.