ಚಿನ್ನದ ತುದಿ, ಒಳಗಿನ ತಂತಿ

ಎಸ್.ಪಿ. ರೋಡಲ್ಲಿ ಆಡಿಯೋ ಕೇಬಲ್ ಕೇಳಿದರೆ ಅಂಗಡಿಯವರ ಪ್ರಶ್ನೆ ಒಂದೇ: ಈ ಕಡೆ ಯಾವ ಪಿನ್, ಆ ಕಡೆ ಯಾವುದು? ಆನ್‌ಲೈನಲ್ಲೂ ಅಷ್ಟೇ, ಜೊತೆಗೆ ‘ಗೋಲ್ಡ್ ಪ್ಲೇಟೆಡ್’ ಅನ್ನೋ ಬಿರುದು. ಚಿನ್ನ ಕಿಲುಬು ತಡೆಯುತ್ತೆ, ನಿಜ. ಆದರೆ ಒಳಗೆ ಯಾವ ತಂತಿ ಯಾವ ಪಿನ್ನಿಗೆ ಹೋಗಿದೆ ಅಂತ ಬರೆಯೋರು ಅಪರೂಪ. ನನ್ನ ತಕರಾರು ಅದು.

ಒಂದು ತುದಿಗೆ 3.5 ಎಂಎಂ ಸ್ಟೀರಿಯೋ, ಇನ್ನೊಂದಕ್ಕೆ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಇರೋ ಕೇಬಲ್ ತಗೊಳ್ಳಿ. ಕಂಪ್ಯೂಟರಿಗೂ ಸ್ಟುಡಿಯೋ ಸ್ಪೀಕರಿಗೂ ಸಲೀಸಾಗಿ ಕೂರುತ್ತೆ. ಆದರೆ ಆ ಸ್ಪೀಕರ್ ಕೇಳಿಸಿಕೊಳ್ಳೋದು 2 ಮತ್ತು 3ನೇ ಪಿನ್ನುಗಳ ವ್ಯತ್ಯಾಸವನ್ನಷ್ಟೇ. ಅಂಥ ಎಷ್ಟೋ ಕೇಬಲ್‌ಗಳಲ್ಲಿ ಆ ಎರಡಕ್ಕೆ ಎಡ, ಬಲ ಚಾನೆಲ್ ಕಟ್ಟಿರ್ತಾರೆ. ಎಡದಿಂದ ಬಲ ಕಳೆದರೆ, ಎರಡರಲ್ಲೂ ಸಮನಾಗಿರೋದು ಸೊನ್ನೆ. ಸಿನಿಮಾ ಹಾಡುಗಳಲ್ಲಿ ಸಾಮಾನ್ಯವಾಗಿ ಹಾಗೆ ನಡುಮಧ್ಯೆ ಇಡೋದು ಗಾಯಕರ ದನಿಯನ್ನೇ! ಅಕ್ಕಪಕ್ಕದ ವಾದ್ಯ ಮೊಳಗುತ್ತೆ, ಹಾಡುವವರು ನಾಪತ್ತೆ. ಬೈಸಿಕೊಳ್ಳೋದು ಮಾತ್ರ ಪಾಪದ ಸ್ಪೀಕರ್.

ನೀವೇ ಮಾಡಿಕೊಳ್ಳೋದು ವಾಸಿ. ಎರಡು ಎಕ್ಸ್‌ಎಲ್‌ಆರ್ ತನ್ನಿ. ಜ್ಯಾಕಿನ ತುದಿ ಎಡ ಸ್ಪೀಕರಿನ 2ಕ್ಕೆ, ನಡುವಿನ ಉಂಗುರ ಬಲದ 2ಕ್ಕೆ, ಬುಡ ಎರಡೂ ಕಡೆಯ 1 ಮತ್ತು 3ಕ್ಕೆ. ಬೆಸುಗೆ ಹಾಕಿ, ಮುಚ್ಚಳ ತಿರುಗಿಸೋ ಮೊದಲು ಮಲ್ಟಿಮೀಟರ್ ಹಿಡಿದು ಒಂದೊಂದೇ ತಂತಿಯ ಬೀಪ್ ಕೇಳಿಸಿಕೊಳ್ಳಿ.