ಮಾಸ್ತರರ ಊರಿಗೆ ಎರಡು ದಿನದ ರೈಲು

ಪರದೇಶದಿಂದ ಪಾಠ ಹೇಳಲು ಬಂದವರಿಗೆ ಹೊಸ ನಾಡನ್ನು ನೋಡಲು ಸಿಗುವುದು ಶನಿವಾರ ಮತ್ತು ಭಾನುವಾರ ಮಾತ್ರ. ಹೈದರಾಬಾದಿನಲ್ಲೋ ಬೆಂಗಳೂರಿನಲ್ಲೋ ಕೆಲಸದಲ್ಲಿರುವ ಅಂಥ ಅಧ್ಯಾಪಕರು ಆ ಎರಡು ದಿನಕ್ಕೆ ಹಂಪಿಯನ್ನೋ ಮೈಸೂರನ್ನೋ ಆರಿಸಿಕೊಳ್ಳುತ್ತಾರೆ. ಬೀದರಿನ ಹೆಸರು ಅವರಿಗೆ ಹೇಳುವವರೇ ಕಡಿಮೆ. ಆದರೆ ದೂರದೇಶದ ಗುರುಗಳು ಬಂದು ನೆಲೆಸಲಿ ಎಂದು ಐದೂವರೆ ಶತಮಾನದ ಹಿಂದೆಯೇ ಕೋಣೆ ಕಟ್ಟಿಸಿ ಕಾದ ಊರು ಕರ್ನಾಟಕದಲ್ಲಿದ್ದರೆ ಅದು ಬೀದರ್. ಕಲಿಸುವ ಕಸುಬಿನವರು ಈ ನಾಡಿನ ಪ್ರವಾಸವನ್ನು ಅಲ್ಲಿಂದಲೇ ಆರಂಭಿಸಬೇಕು, ಅದೂ ರೈಲಿನಲ್ಲಿ.

ರೈಲೇ ಏಕೆ ಎಂಬುದಕ್ಕೆ ಆ ಹಳಿಯ ಚರಿತ್ರೆಯೇ ಉತ್ತರ. ವಿಕಾರಾಬಾದಿನಿಂದ ಬೀದರಿಗೆ ನಿಜಾಮರ ಕಾಲದಲ್ಲಿ, 1930ರಲ್ಲಿ ಗಾಡಿ ಬಂತು. ಮುಂದೆ ಅದೇ ಹಳಿ ಭಾಲ್ಕಿ, ಕಮಲನಗರ, ಉದಗೀರ ದಾಟಿ ಪರಳಿ ವೈಜನಾಥದವರೆಗೆ ಹೋಯಿತು. ಆಗ ಜಹೀರಾಬಾದೂ ಉದಗೀರವೂ ಬೀದರ್ ಜಿಲ್ಲೆಯವೇ. 1956ರ ನವೆಂಬರ್ 1ರಂದು ಭಾಷಾವಾರು ಪ್ರಾಂತಗಳಾದಾಗ ಜಿಲ್ಲೆ ಮೂರು ಪಾಲಾಯಿತು: ಜಹೀರಾಬಾದ್ ಆಂಧ್ರಕ್ಕೆ, ಉದಗೀರ ಮುಂಬಯಿ ಪ್ರಾಂತಕ್ಕೆ, ಬೀದರ್, ಭಾಲ್ಕಿ, ಔರಾದ್ ಮೈಸೂರಿಗೆ. ಜಿಲ್ಲೆ ಒಡೆಯಿತು, ಹಳಿ ಒಡೆಯಲಿಲ್ಲ. ಇಂದಿಗೂ ಒಂದೇ ಗಾಡಿಯ ಒಂದೇ ಬೋಗಿಯಲ್ಲಿ ತೆಲುಗು ಇಳಿದು ಕನ್ನಡ ಹತ್ತುತ್ತದೆ, ಕನ್ನಡ ಇಳಿದು ಮರಾಠಿ ಹತ್ತುತ್ತದೆ. ದಖನಿ ಉರ್ದು ಮಾತ್ರ ಎಲ್ಲೂ ಇಳಿಯದೆ ಕೂತಿರುತ್ತದೆ. ಒಂದು ದೇಶದಲ್ಲಿ ಹಲವು ಭಾಷೆ ಹೇಗೆ ಬಾಳುತ್ತವೆ ಎಂಬುದನ್ನು ಪುಸ್ತಕದಲ್ಲಿ ಓದಿ ಬಂದ ವಿದೇಶಿ ಅಧ್ಯಾಪಕರು ಅದನ್ನು ಕಿವಿಯಾರೆ ಕೇಳುವುದು ಈ ಹಳಿಯ ಮೇಲೆ.

ಕಲಬುರಗಿಯ ಕಡೆಯಿಂದ ಬರುವವರಿಗೆ ಇನ್ನೊಂದು ದಾರಿಯಿದೆ. ಹುಮನಾಬಾದ್ ಮೂಲಕ ಹಾಯುವ ಸುಮಾರು 110 ಕಿ.ಮೀ. ಮಾರ್ಗ ಪೂರ್ತಿಯಾಗಿ ತೆರೆದುಕೊಂಡಿದ್ದು 2017ರ ಅಕ್ಟೋಬರಿನಲ್ಲಿ. ಮರಗುತ್ತಿಯ ಬಳಿ ಒಂದೂವರೆ ಕಿ.ಮೀ.ಗೂ ಉದ್ದದ ಸುರಂಗವಿರುವುದು ಈ ದಾರಿಯಲ್ಲೇ. ಆದರೂ ಮೊದಲ ಸಲ ಬರುವವರು ವಿಕಾರಾಬಾದ್ ಕಡೆಯಿಂದ, ಹಗಲು ಹೊತ್ತಿನಲ್ಲಿ ಬರುವುದು ಮೇಲು. ಬಯಲಿನ ಎರೆ ಹೊಲಗಳು ಹಿಂದೆ ಸರಿದು ನೆಲ ಕೆಂಪಾಗುತ್ತಾ ಬರುವುದನ್ನು ಕಿಟಕಿಯಿಂದಲೇ ಕಾಣಬಹುದು. ಸಮುದ್ರಮಟ್ಟದಿಂದ ಎರಡು ಸಾವಿರ ಅಡಿಗೂ ಎತ್ತರದ ಈ ಜಂಬಿಟ್ಟಿಗೆ ಕಲ್ಲಿನ ಹಾಸಿನ ಅಂಚಿನಲ್ಲೇ ಬೀದರ್ ಕೂತಿದೆ. ಕೋಟೆ, ಕಂದಕ, ಬಾವಿ, ಎಲ್ಲವೂ ಆ ಕೆಂಪು ಕಲ್ಲಿನಲ್ಲಿ ಕಡೆದವು.

ಶನಿವಾರದ ಬೆಳಗು ಮದ್ರಸಾಕ್ಕೆ ಮೀಸಲಾಗಬೇಕು. ಕೋಟೆಗೆ ಮೊದಲು ಓಡುವವರು ಬಿಸಿಲೇರಿದ ಮೇಲೆ ದಣಿದು ಇಲ್ಲಿಗೆ ಬಂದು ಕಾಲು ಗಂಟೆಯಲ್ಲಿ ಮುಗಿಸುತ್ತಾರೆ. ಅದು ತಪ್ಪು. ಕಟ್ಟಿಸಿದವನು ಮಹಮೂದ್ ಗವಾನ್. ಕ್ಯಾಸ್ಪಿಯನ್ ಸಮುದ್ರದ ದಂಡೆಯ ಗೀಲಾನಿನವನು, ವ್ಯಾಪಾರಿಯಾಗಿ ಹಡಗು ಹತ್ತಿ 1453ರ ಹೊತ್ತಿಗೆ ಬೀದರಿಗೆ ಬಂದವನು, ಬಹಮನಿ ಸುಲ್ತಾನರ ಪ್ರಧಾನಿಯಾಗಿ ಬೆಳೆದವನು. 1472ರ ಸುಮಾರಿಗೆ ಮುಗಿದ ಈ ಕಟ್ಟಡ ಮೂರು ಅಂತಸ್ತಿನದು, ಸುಮಾರು 68 ಮೀಟರ್ ಉದ್ದ, 60 ಮೀಟರ್ ಅಗಲ. ನಡುವೆ ಅಂಗಳ, ಸುತ್ತ ವಿದ್ಯಾರ್ಥಿಗಳಿಗೆ 36 ಕೋಣೆ, ಗುರುಗಳಿಗೆ ಆರು ಬಿಡಾರ, ಪಾಠದ ಹಜಾರಗಳು, ಒಂದು ಮಸೀದಿ, ಮೂರು ಸಾವಿರ ಹಸ್ತಪ್ರತಿಗಳಿದ್ದವೆನ್ನುವ ಗ್ರಂಥಾಲಯ. ಸಮರ್‌ಕಂಡ್, ಖುರಾಸಾನಗಳ ಮದ್ರಸಾಗಳ ನಕಾಶೆಯೇ ದಖ್ಖನದ ಕೆಂಪು ನೆಲಕ್ಕೆ ಬಂದಿಳಿದಂತೆ ಇದೆ.

ಗವಾನ್ ಕಟ್ಟಡ ಕಟ್ಟಿಸಿ ಸುಮ್ಮನಾಗಲಿಲ್ಲ. ಹೆರಾತ್‌ನಲ್ಲಿದ್ದ ಪಾರಸಿ ಕವಿ ಜಾಮಿಗೆ ಪತ್ರ ಬರೆದು ಬೀದರಿಗೆ ಬನ್ನಿರೆಂದು ಕರೆದ. ಜಾಮಿ ಬರಲಿಲ್ಲ. ಗವಾನನ ಪತ್ರಗಳು ‘ರಿಯಾಜುಲ್ ಇನ್ಶಾ’ ಎಂಬ ಸಂಕಲನವಾಗಿ ಉಳಿದಿವೆ. ಪಾಠ ಹೇಳುವವರನ್ನು ಪರದೇಶದಿಂದ ಕರೆಸಲು ಒಬ್ಬ ಪ್ರಧಾನಿ ತಾನೇ ಲೇಖನಿ ಹಿಡಿದ ಊರು ಇದು ಎಂಬುದು ತಿಳಿದಿದ್ದರೆ ಆ ಖಾಲಿ ಕೋಣೆಗಳು ಬೇರೆಯಾಗಿಯೇ ಕಾಣುತ್ತವೆ.

ಹೊರಗೆ ಬಂದು ಉಳಿದಿರುವ ಒಂದು ಮಿನಾರಿನ ಬುಡದಲ್ಲಿ ನಿಂತು ತಲೆಯೆತ್ತಿ ನೋಡಬೇಕು. ಇಡೀ ಮಿನಾರಿಗೆ ಒಂದು ಕಾಲಕ್ಕೆ ಬಣ್ಣದ ಗಾಜುಹೆಂಚಿನ ಹೊದಿಕೆಯಿತ್ತು. ನೀಲಿ, ಹಸಿರು, ಹಳದಿ ಚೂರುಗಳು ಅಲ್ಲಲ್ಲಿ ಇನ್ನೂ ಅಂಟಿಕೊಂಡಿವೆ. ಅವು ಅಂಕುಡೊಂಕಾದ ಪಟ್ಟೆಗಳಲ್ಲಿ ಮೇಲೇರುತ್ತವೆ. ಮುಂಭಾಗದ ಇನ್ನೊಂದು ತುದಿಯಲ್ಲಿ ಎರಡನೆಯ ಮಿನಾರಿನ ಗುರುತಷ್ಟೇ ಇದೆ. ಔರಂಗಜೇಬನ ಕಾಲದಲ್ಲಿ ಇಲ್ಲಿ ಕೂಡಿಟ್ಟಿದ್ದ ಮದ್ದು ಸಿಡಿದು ಮಿನಾರೂ ಮುಂಭಾಗದ ಬಹುಪಾಲೂ ಹಾರಿಹೋದವು. ಶಾಲೆಯಲ್ಲಿ ಮದ್ದು ಇಟ್ಟವರ ಅಪರಾಧ ದೊಡ್ಡದು. ಗವಾನನ ಅಂತ್ಯವೂ ಹಾಗೆಯೇ ದಾರುಣ: ಸ್ಥಳೀಯ ಸರದಾರರಿಗೂ ಹೊರಗಿನಿಂದ ಬಂದ ‘ಆಫಾಕಿ’ಗಳಿಗೂ ಇದ್ದ ಹಗೆತನದಲ್ಲಿ, ಸುಳ್ಳು ಪತ್ರದ ಆಧಾರದ ಮೇಲೆ, 1481ರಲ್ಲಿ ಸುಲ್ತಾನ ಮೂರನೆಯ ಮಹಮ್ಮದ್ ಶಹಾ ಅವನ ತಲೆ ತೆಗೆಸಿದ. ಸಮಾಧಿ ಊರ ಹೊರಗೆ ಗೋರನಳ್ಳಿಯಲ್ಲಿದೆ. ಆಡಂಬರವಿಲ್ಲದ ಆ ಗೋರಿಯನ್ನು ಹುಡುಕಿಕೊಂಡು ಹೋಗುವವರು ವಿರಳ, ಅಧ್ಯಾಪಕರಾದವರು ಹೋಗಲೇಬೇಕು.

ಅದೇ ಕಾಲದಲ್ಲಿ ಬೀದರನ್ನು ಕಂಡ ಇನ್ನೊಬ್ಬ ಪರದೇಶಿ ರಷ್ಯದ ತ್ವೇರ್ ಪಟ್ಟಣದ ಅಫನಾಸಿ ನಿಕಿತಿನ್. ವ್ಯಾಪಾರಿ, ಒಂದು ಕುದುರೆ ತಂದು ಇಲ್ಲೇ ಮಾರಿದ. ಸರದಾರರ ಮೆರವಣಿಗೆಯನ್ನು ಬಣ್ಣಿಸಿದ ಕೈಯಿಂದಲೇ ಹಳ್ಳಿಗರ ಬಡತನವನ್ನೂ ಬರೆದಿಟ್ಟ. ಪ್ರವಾಸಿಯ ಕಣ್ಣು ಹೇಗಿರಬೇಕೆಂಬುದಕ್ಕೆ ಅವನೇ ಮಾದರಿ.

ಮಧ್ಯಾಹ್ನ ಕೋಟೆ. ದಕ್ಷಿಣ ಬದಿಯಲ್ಲಿ ಬಂಡೆಯನ್ನೇ ಕೊರೆದು ಮಾಡಿದ ಮೂರು ಸಾಲಿನ ಕಂದಕ, ಸೋಲಾ ಖಂಬ ಮಸೀದಿ, ಕಪ್ಪು ಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂಡಿಸಿದ ರಂಗೀನ್ ಮಹಲ್, ಬುರುಜಿನ ಮೇಲಿನ ತೋಪುಗಳು. ನೌಬಾದಿನ ಕರೇಜ್, ಅಂದರೆ ಜನ ಸುರಂಗ ಬಾವಿ ಎನ್ನುವ ನೆಲದಡಿಯ ನೀರಿನ ಕಾಲುವೆಯೂ ಇರಾನಿನಿಂದ ಬಂದ ವಿದ್ಯೆ. ನಾನಕ್ ಝೀರಾ ಗುರುದ್ವಾರವನ್ನು ದಾರಿಯಲ್ಲಿ ನೋಡಿಕೊಳ್ಳಬಹುದು. ಅಲ್ಲಿಯ ಲಂಗರಿನಲ್ಲಿ ಯಾರಿಗೂ ಊಟ ಇಲ್ಲವೆನ್ನುವುದಿಲ್ಲ. ವಾಯುಪಡೆಯ ತರಬೇತಿ ನೆಲೆಯೂ ಈ ಊರಲ್ಲಿದೆ. ಅದರ ಆಸುಪಾಸಿನಲ್ಲಿ ಕ್ಯಾಮೆರಾ ಚೀಲದಲ್ಲೇ ಇರಲಿ.

ಸಂಜೆಗೆ ಹಳೆಯ ಊರಿನ ಚೌಬಾರ ಗೋಪುರದ ಸುತ್ತಲ ಓಣಿಗಳಲ್ಲಿ ಬಿದ್ರಿ ಕೆಲಸಗಾರರ ಅಂಗಡಿ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಹೂಜಿಯನ್ನು ಅರದಿಂದ ನುಣುಪಾಗಿಸಿ, ಮೈಲುತುತ್ತದ ನೀರು ಬಳಿದು ತಾತ್ಕಾಲಿಕವಾಗಿ ಕಪ್ಪು ಮಾಡುತ್ತಾರೆ. ಆ ಕಪ್ಪಿನ ಮೇಲೆ ಬರಿಗೈಯಲ್ಲೇ ಹೂಬಳ್ಳಿ ಗೀಚಿ, ಉಳಿಯಿಂದ ಕೊರೆದು, ಬೆಳ್ಳಿಯ ತಂತಿಯನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಕೂಡಿಸುತ್ತಾರೆ. ಮತ್ತೆ ಅರ ಹಾಕಿದಾಗ ಎಲ್ಲವೂ ಬೂದುಬಣ್ಣ. ಬೆಳ್ಳಿ ಯಾವುದು, ಸತು ಯಾವುದು ತಿಳಿಯದು. ಕೊನೆಗೆ ಹಳೆಯ ಕೋಟೆಯ ಮಣ್ಣು. ಕೆಲಸಗಾರ ಚಿಟಿಕೆ ಮಣ್ಣನ್ನು ನಾಲಿಗೆಗೆ ಮುಟ್ಟಿಸಿ ರುಚಿ ನೋಡುತ್ತಾನೆ. ಸರಿಯಾದ ಮಣ್ಣಾದರೆ ನವಸಾಗರದೊಡನೆ ನೀರಿನಲ್ಲಿ ಕುದಿಸಿ ಪಾತ್ರೆಗೆ ತಿಕ್ಕುತ್ತಾನೆ. ನೋಡನೋಡುತ್ತ ಸತು ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಬಿಳಿಯಾಗಿಯೇ ನಿಲ್ಲುತ್ತದೆ. ಈ ಕಲೆಗೆ 2006ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಸಂದಿತು. ಕೊಳ್ಳುವವರು ಕೊಳ್ಳಲಿ, ಆದರೆ ಕಪ್ಪಾಗುವ ಆ ಗಳಿಗೆಯನ್ನು ಕಾದು ನೋಡದೆ ಹೋದರೆ ಬೀದರ್ ನೋಡಿದಂತಾಗದು.

ರಾತ್ರಿ ಲಾಡ್ಜಿನಲ್ಲಿ ಪಾಸ್‌ಪೋರ್ಟ್, ವೀಸಾ ತೋರಿಸಬೇಕು. ವಿದೇಶಿ ಅತಿಥಿಯ ವಿವರವನ್ನು 24 ಗಂಟೆಯೊಳಗೆ ಸರ್ಕಾರಕ್ಕೆ ಕೊಡುವುದು ಲಾಡ್ಜಿನವರ ಹೊಣೆ. ಊಟಕ್ಕೆ ಖಾನಾವಳಿ: ಜೋಳದ ರೊಟ್ಟಿ, ಪುಂಡಿ ಪಲ್ಯ, ತೊಗರಿ ಬ್ಯಾಳಿ, ಶೇಂಗಾ ಹಿಂಡಿ. ಎಳ್ಳ ಅಮಾವಾಸ್ಯೆಯ ದಿನಗಳಲ್ಲಿ ಬಂದವರಿಗೆ ಹೊಲದಲ್ಲೇ ಕೂತು ಉಣ್ಣುವ ಬಜ್ಜಿ, ಅಂಬಲಿ ಸಿಕ್ಕರೆ ಅದೇ ಭಾಗ್ಯ.

ಭಾನುವಾರ ನಸುಕಿನಲ್ಲೇ ಅಷ್ಟೂರು. ಬಹಮನಿ ಅರಸರ ಗುಮ್ಮಟಗಳ ಸಾಲಿನಲ್ಲಿ ಅಹಮದ್ ಶಹಾ ವಲಿಯ ಗುಮ್ಮಟದ ಒಳಗೋಡೆಯ ಬಣ್ಣ, ಬಂಗಾರದ ಅಕ್ಷರಗಳು ಇನ್ನೂ ಹೊಳೆಯುತ್ತವೆ. ಮುಸ್ಲಿಮರಿಗೆ ವಲಿಯಾದ ಈ ಅರಸನನ್ನು ಲಿಂಗಾಯತ ಭಕ್ತರು ಅಲ್ಲಮಪ್ರಭುವೆಂದು ನಂಬಿ ಉರುಸಿಗೆ ಬರುತ್ತಾರೆ.

ಅಲ್ಲಿಂದ ನಿಲ್ದಾಣಕ್ಕೆ ಮರಳಿ ಪರಳಿ ಕಡೆಯ ಗಾಡಿ ಹಿಡಿದರೆ ಖಾನಾಪುರ, ಹಲಬರ್ಗಾ ದಾಟಿ ಭಾಲ್ಕಿ. ಮೀಸಲಿಲ್ಲದ ಬೋಗಿಯಲ್ಲಿ ಕೂತರೆ ಮಾತು ತಾನಾಗಿಯೇ ಶುರುವಾಗುತ್ತದೆ. “ಯಾವ ದೇಶರೀ ಸರ್?” ಎಂದು ಕೇಳಿದವರು, ಪಾಠ ಹೇಳುವವರೆಂದು ತಿಳಿದ ಕೂಡಲೇ ಮಾತಿನ ಧಾಟಿ ಬದಲಿಸುತ್ತಾರೆ: “ಮಾಸ್ತರರಾ? ಬರ್ರಿ, ಇಲ್ಲಿ ಕೂಡ್ರಿ.” ಈ ಸೀಮೆಯಲ್ಲಿ ಆ ಕಸುಬಿಗೆ ಇರುವ ಗೌರವಕ್ಕೆ ಕಾರಣ ಭಾಲ್ಕಿಯಲ್ಲಿದೆ.

ಭಾಲ್ಕಿಯಲ್ಲಿ ಕೋಟೆಯೂ ಇದೆ, ಆದರೆ ನೋಡಬೇಕಾದದ್ದು ಹಿರೇಮಠ. ನಿಜಾಮರ ಆಳ್ವಿಕೆಯಲ್ಲಿ ಶಾಲೆಯ ಭಾಷೆ ಉರ್ದು. ಮನೆಯಲ್ಲಿ ಕನ್ನಡವಾಡುವ ಮಕ್ಕಳಿಗೆ ಕನ್ನಡದ ಅಕ್ಷರ ಕಲಿಯುವ ದಾರಿಯೇ ಇರಲಿಲ್ಲ. ಕಮಲನಗರದಲ್ಲಿ ಹುಟ್ಟಿದ, ಭಾಲ್ಕಿ ಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡ್ ಹಾಕಿ ಒಳಗೆ ಕನ್ನಡ ಕಲಿಸಿದರು. ಹಳ್ಳಿ ಹಳ್ಳಿ ಸುತ್ತಿ ಮಕ್ಕಳನ್ನು ಕರೆತಂದು ಊಟ, ವಸತಿ ಕೊಟ್ಟು ಓದಿಸಿದರು. ಬಸವಕಲ್ಯಾಣದ ಅನುಭವ ಮಂಟಪವೂ ಅವರ ದುಡಿಮೆಯ ಫಲ. ನೂರು ವರ್ಷ ದಾಟಿ ಬಾಳಿ 1999ರಲ್ಲಿ ಲಿಂಗೈಕ್ಯರಾದರು. ಗವಾನ್ ಪರದೇಶದ ವಿದ್ಯೆಯನ್ನು ಬೀದರಿಗೆ ಕರೆಸಿದ. ಪಟ್ಟದ್ದೇವರು ಇದೇ ಮಣ್ಣಿನ ಭಾಷೆಗೆ ಇದೇ ಮಣ್ಣಿನಲ್ಲಿ ಜಾಗ ಮಾಡಿಕೊಟ್ಟರು. ಎರಡನೆಯದು ಹೆಚ್ಚು ಕಷ್ಟದ ಕೆಲಸವಾಗಿತ್ತು.

ಪ್ರವಾಸದ ಕೊನೆಯ ಊರು ಔರಾದ್, ಅಲ್ಲಿಗೆ ರೈಲಿಲ್ಲ. ಅದೇ ಹಳಿಯ ಮೇಲೆ ಭಾಲ್ಕಿಯ ಮುಂದಿರುವ ಕಮಲನಗರ ಹಿಂದೆ ಔರಾದ್ ತಾಲ್ಲೂಕಿಗೇ ಸೇರಿತ್ತು. ಈಗ ಅದು ಬೇರೆ ತಾಲ್ಲೂಕು. ಅಲ್ಲಿ ಇಳಿದು ಬಸ್ಸು ಹಿಡಿಯಬೇಕು. ದಾರಿಯ ಹೊಲಗಳಲ್ಲಿ ಕೃಷ್ಣಮೃಗಗಳ ಹಿಂಡು ಕಣ್ಣಿಗೆ ಬೀಳುವುದುಂಟು. ನೋಡುವವರಿಗೆ ಚೆಲುವು, ತೊಗರಿ ಬಿತ್ತಿದ ರೈತನಿಗೆ ನಷ್ಟ. ಔರಾದಿನ ಅಮರೇಶ್ವರನ ಜಾತ್ರೆ ಶಿವರಾತ್ರಿಗೆ. ಜಾನುವಾರು ಪೇಟೆಯಲ್ಲಿ ದೇವಣಿ ತಳಿಯ ರಾಸುಗಳನ್ನು ನೋಡಬೇಕು. ಜನ ಅವನ್ನು ಬಣ್ಣದಿಂದಲೇ ಗುರುತಿಸುತ್ತಾರೆ: ಮೈ ಬಿಳಿ, ಮುಖದ ಎರಡೂ ಬದಿ ಕಪ್ಪಾದರೆ ವಾನೇರ, ಮೇಲೆಲ್ಲ ಬಿಳಿ, ಹೊಟ್ಟೆಯ ಕೆಳಗಷ್ಟೇ ಚುಕ್ಕೆಯಾದರೆ ಬಾಲಂಕ್ಯಾ, ಮೈತುಂಬ ಕಪ್ಪು ಮಚ್ಚೆಯಾದರೆ ಶೇವರಾ. ಇಲ್ಲಿ ಒಬ್ಬನೇ ರೈತ ಎತ್ತಿನ ಕೂಡ ಒಂದು ಭಾಷೆ, ದಲ್ಲಾಳಿಯ ಕೂಡ ಇನ್ನೊಂದು, ಮನೆಯವರ ಕೂಡ ಮತ್ತೊಂದು ಆಡುತ್ತಾನೆ.

ಬೀದರಿನಿಂದ ಔರಾದ್ ಮೂಲಕ ನಾಂದೇಡಿಗೆ ಹಳಿ ಹಾಕಬೇಕೆಂಬ ಬೇಡಿಕೆ ಬಹಳ ಹಳೆಯದು. ಅದು ಈಡೇರುವ ತನಕ ಔರಾದಿನಿಂದ ಬೀದರಿಗೆ ಮರಳಲು ಸುಮಾರು 45 ಕಿ.ಮೀ. ಬಸ್ಸೇ ಗತಿ. ಸೋಮವಾರ ಬೆಳಿಗ್ಗೆ ಪಾಠವಿರುವವರು ಭಾನುವಾರ ಮಧ್ಯಾಹ್ನದ ಊಟ ಮುಗಿಸಿ ಔರಾದ್ ಬಿಡುವುದು ಒಳ್ಳೆಯದು.