ಬಾಗಿಲಲ್ಲಿ ನಿಂತವರ ಪರೀಕ್ಷೆ

ಅಸಾಮಾನ್ಯ ಶಕ್ತಿಯುಳ್ಳ ವೀರರ ಕಥೆಗಳು ಮಕ್ಕಳಿಗೆ ಎಂದೆಂದಿಗೂ ಪ್ರಿಯ. 1997ರಲ್ಲಿ ದೂರದರ್ಶನದಲ್ಲಿ ‘ಶಕ್ತಿಮಾನ್’ ಆರಂಭವಾದಾಗ ಅದಕ್ಕಾಗಿ ಕಾದು ಕುಳಿತ ಬಾಲಕರೇ ಇಂದು ತಂದೆಯರಾಗಿದ್ದಾರೆ. ಅವರ ಮಕ್ಕಳು ಅಮೆರಿಕದ ವೀರರ ತಂಡಗಳನ್ನು ಮೊಬೈಲಿನಲ್ಲಿ ನೋಡುತ್ತಾರೆ. ಇಂತಹ ಕಥೆಗಳಲ್ಲಿ ಕಾಳಗಕ್ಕಿಂತಲೂ ಸ್ವಾರಸ್ಯವಾದ ಘಟ್ಟವೊಂದಿದೆ. ಹೊಸಬನೊಬ್ಬ ಬಂದು ಬಾಗಿಲು ತಟ್ಟಿದಾಗ ತಂಡದವರು ಏನನ್ನು ಕೇಳುತ್ತಾರೆ? ಒಳಗೆ ಸೇರಿಸಿಕೊಂಡ ಮೇಲೆ ಅವನನ್ನು ಹೇಗೆ ತಿದ್ದುತ್ತಾರೆ?

1958ರಲ್ಲಿ ಅಮೆರಿಕದ ಚಿತ್ರಕಥೆಗಳಲ್ಲಿ ಕಾಣಿಸಿಕೊಂಡ ‘ಲೀಜನ್ ಆಫ್ ಸೂಪರ್ ಹೀರೋಸ್’ ತಂಡದಲ್ಲಿ ಸೇರಬಯಸುವವರು ಎಲ್ಲರೆದುರು ತಮ್ಮ ಶಕ್ತಿಯನ್ನು ತೋರಿಸಬೇಕಾಗಿತ್ತು. ಸಾಲದೆಂದು ಕಂಡರೆ ಹಿಂದಿರುಗಬೇಕು. 1963ರ ಕಥೆಯೊಂದರಲ್ಲಿ ಹೀಗೆ ತಿರಸ್ಕೃತರಾದವರೇ ಒಂದುಗೂಡಿ ಬದಲಿ ವೀರರ ತಂಡವನ್ನು ಕಟ್ಟುತ್ತಾರೆ. ಅವರಲ್ಲೊಬ್ಬನಾದ ಪೋಲಾರ್ ಬಾಯ್ ಬಹುಕಾಲದ ನಂತರ ಮೂಲತಂಡದ ನಾಯಕನೇ ಆಗುತ್ತಾನೆ. ಅದೇ 1963ರಲ್ಲಿ ಬಂದ ‘ಎಕ್ಸ್-ಮೆನ್’ ಒಂದು ಹೆಜ್ಜೆ ಮುಂದೆ ಹೋಯಿತು. ಲೋಕವು ಹೆದರಿ ದೂರವಿಟ್ಟ ಮಕ್ಕಳನ್ನು ಅಲ್ಲಿ ಶಾಲೆಗೆ ಸೇರಿಸಿಕೊಂಡು, ಅಪಾಯಗಳನ್ನು ಕೃತಕವಾಗಿ ಒಡ್ಡುವ ಕೋಣೆಯೊಂದರಲ್ಲಿ ಪಳಗಿಸುತ್ತಾರೆ. ಆದರೂ ಎರಡೂ ಕಡೆ ಮೊದಲ ಪ್ರಶ್ನೆ ಒಂದೇ: ನಿನ್ನಲ್ಲಿ ಯಾವ ಶಕ್ತಿಯಿದೆ?

ಇದಕ್ಕಿಂತ ಆಳವಾದ ಪ್ರಶ್ನೆಯನ್ನು ಕೇಳಿದ ಕೃತಿಯೊಂದು ಕನ್ನಡದಲ್ಲಿದೆ. ಅದರ ಮುಖ್ಯ ರಂಗಭೂಮಿಯೇ ಕಲ್ಯಾಣ, ಅಂದರೆ ಇಂದಿನ ಬಸವಕಲ್ಯಾಣ. ಅದೇ ‘ಶೂನ್ಯಸಂಪಾದನೆ’. ಹನ್ನೆರಡನೆಯ ಶತಮಾನದ ಶರಣರ ವಚನಗಳನ್ನು ಸಂವಾದವಾಗಿ ಹೆಣೆದು ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಇದನ್ನು ಮೊದಲು ಸಂಪಾದಿಸಿದನು. ಅನಂತರ ಹಲಗೆಯದೇವ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ ಇವರು ತಿದ್ದಿ ಬೆಳೆಸಿದರು. ಶರಣರು ಕಲ್ಪಿತ ವೀರರಲ್ಲ, ಚರಿತ್ರೆಯ ವ್ಯಕ್ತಿಗಳು. ಆದರೆ ಈ ಕೃತಿಯು ಅವರ ಕಾಲದ ದಿನಚರಿಯಲ್ಲ, ಶತಮಾನಗಳ ಬಳಿಕ ರಚಿತವಾದ ಸಾಹಿತ್ಯ. ಆದುದರಿಂದ ಒಂದು ಕೂಟವು ಹೊಸಬರನ್ನು ಹೇಗೆ ಬರಮಾಡಿಕೊಳ್ಳಬೇಕೆಂಬ ಆಲೋಚನೆಯಾಗಿಯೂ ಇದನ್ನು ಓದಬಹುದು.

ಇಲ್ಲಿ ಪರೀಕ್ಷಕನು ಅಲ್ಲಮಪ್ರಭು. ಅವನು ಬಂದವರ ಪವಾಡವನ್ನು ಕೇಳುವುದಿಲ್ಲ, ಪವಾಡವನ್ನೇ ಸಂದೇಹಿಸುತ್ತಾನೆ. ಸೊನ್ನಲಿಗೆಯಲ್ಲಿ, ಅಂದರೆ ಇಂದಿನ ಸೋಲಾಪುರದಲ್ಲಿ, ಕೆರೆ ಗುಡಿಗಳನ್ನು ಕಟ್ಟಿಸುತ್ತ ಕೀರ್ತಿವಂತನಾಗಿದ್ದ ಸಿದ್ಧರಾಮನನ್ನು ಅವನು ಕಲ್ಲುಮಣ್ಣಿನ ಒಡ್ಡನೆಂದು ಕೆಣಕುತ್ತಾನೆ. ಸತ್ಕಾರ್ಯದೊಳಗೆ ಅಡಗಿದ ‘ನಾನು’ ಎಂಬುದು ಹೊರಬಿದ್ದ ಮೇಲೆಯೇ ಅವನನ್ನು ಕಲ್ಯಾಣಕ್ಕೆ ಕರೆತರುತ್ತಾನೆ. ಇಂತಹ ಸಿದ್ಧರಾಮನಿಗೂ ವಿಧಿವತ್ತಾದ ದೀಕ್ಷೆ ಬೇಕೇ ಎಂಬ ವಿಷಯದಲ್ಲಿ ಸಂಪಾದನೆಕಾರರಲ್ಲಿಯೇ ಭಿನ್ನಮತವಿತ್ತು. ಯೋಗ್ಯತೆ ಮುಖ್ಯವೋ, ನಿಯಮ ಮುಖ್ಯವೋ ಎಂಬ ಜಗಳ ಯಾವ ಕೂಟವನ್ನೂ ಬಿಟ್ಟಿಲ್ಲ.

ಅಕ್ಕಮಹಾದೇವಿಯ ಪ್ರಸಂಗವು ಕೃತಿಯ ಶಿಖರ. ಓದುಗನನ್ನು ಅತ್ಯಂತ ಕಸಿವಿಸಿಗೊಳಿಸುವ ಭಾಗವೂ ಅದೇ. ಉಡುತಡಿಯಿಂದ ಒಂಟಿಯಾಗಿ ನಡೆದು ಬಂದವಳನ್ನು ಮೊದಲು ಕಿನ್ನರಿ ಬೊಮ್ಮಯ್ಯ ಪರೀಕ್ಷಿಸುತ್ತಾನೆ. ಬಳಿಕ ತುಂಬಿದ ಸಭೆಯಲ್ಲಿ ಅಲ್ಲಮನು ಅವಳ ಪತಿ ಯಾರೆಂದು ಕೇಳುತ್ತಾನೆ; ಉಡುಗೆಯನ್ನು ತೊರೆದವಳು ಕೂದಲಿನಿಂದ ಮೈ ಮುಚ್ಚಿಕೊಂಡದ್ದೇಕೆಂದು ಕೇಳುತ್ತಾನೆ. ನೋಡುವವರ ಮನಸ್ಸಿಗೆ ನೋವಾಗದಿರಲೆಂದು ಎಂಬುದು ಅವಳ ಉತ್ತರದ ಸಾರ. ಯಾವ ಪುರುಷನಿಗೂ ಸಭೆಯು ಇಂತಹ ಪ್ರಶ್ನೆಯನ್ನು ಹಾಕಲಿಲ್ಲ. ಈ ಅಸಮತೆಯನ್ನು ಕೃತಿಯು ಪ್ರಶ್ನಿಸುವುದಿಲ್ಲವೆಂಬುದು ಅದರ ಕೊರತೆಯೆಂದೇ ಹೇಳಬೇಕು. ಆದರೆ ಅವಳ ಮಾತನ್ನು ಅದು ಎಲ್ಲಿಯೂ ಕುಗ್ಗಿಸುವುದಿಲ್ಲ. ಕೊನೆಗೆ ಸಭೆಯೇ ಅವಳಿಗೆ ತಲೆಬಾಗುತ್ತದೆ. ಪರೀಕ್ಷಕನೂ ಇಲ್ಲಿ ಪರೀಕ್ಷೆಯಿಂದ ಹೊರತಲ್ಲ. ಅಣ್ಣ ಅಜಗಣ್ಣನನ್ನು ಕಳೆದುಕೊಂಡು ಶೋಕಿಸುತ್ತಿದ್ದ ಮುಕ್ತಾಯಕ್ಕ ಅಲ್ಲಮನ ಮಾತುಗಳನ್ನೇ ಒರೆಗೆ ಹಚ್ಚುತ್ತಾಳೆ. ಚಿತ್ರಕಥೆಯ ವೀರರ ಮುಂದೆ ಅಭ್ಯರ್ಥಿಯು ಮರುಪ್ರಶ್ನೆ ಹಾಕುವುದು ಅಪರೂಪ.

ಇನ್ನು ತರಬೇತಿ. ಕಲ್ಯಾಣದಲ್ಲಿ ಅದಕ್ಕಾಗಿ ಬೇರೆ ಕೋಣೆಯಿಲ್ಲ, ನಿತ್ಯದ ಕಾಯಕವೇ ಶಾಲೆ. ಪರಂಪರೆಯ ಪ್ರಕಾರ ಮೋಳಿಗೆಯ ಮಾರಯ್ಯನು ಕಾಶ್ಮೀರದ ಅರಸನಾಗಿದ್ದವನು. ಕಲ್ಯಾಣದಲ್ಲಿ ಅವನಿಗೆ ದೊರೆತದ್ದು ಪದವಿಯಲ್ಲ, ಕಟ್ಟಿಗೆಯ ಹೊರೆ. ಹುಮನಾಬಾದ್ ತಾಲ್ಲೂಕಿನ ಮೊಳಕೇರಾ ಗ್ರಾಮದ ಹೆಸರನ್ನು ಜನರು ಇವನೊಂದಿಗೆ ಜೋಡಿಸಿಕೊಂಡು ಬಂದಿದ್ದಾರೆ. ಚೆಲ್ಲಿದ ಅಕ್ಕಿಯನ್ನು ಆಯ್ದು ಬದುಕುತ್ತಿದ್ದ ಆಯ್ದಕ್ಕಿ ಮಾರಯ್ಯನು ಅಲ್ಲಮನೊಡನೆ ಮಾತಿನಲ್ಲಿ ಮುಳುಗಿ ಕೆಲಸ ಮರೆತಾಗ ಎಚ್ಚರಿಸಿದವಳು ಹೆಂಡತಿ ಲಕ್ಕಮ್ಮ. ಅವನು ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಮರಳಿ ಹಾಕಿ ಬರಲು ಕಳುಹಿಸಿದವಳೂ ಅವಳೇ. ಶಿಕ್ಷಕನು ಸಿಂಹಾಸನದ ಮೇಲೆಯೇ ಇರಬೇಕಾಗಿಲ್ಲ, ಅಡುಗೆಮನೆಯಲ್ಲಿಯೂ ಇರಬಹುದು.

ಈ ಕೃತಿಯ ಅತಿ ದೊಡ್ಡ ಧೈರ್ಯವು ಮರುಳಶಂಕರದೇವನ ಪ್ರಸಂಗದಲ್ಲಿ ಕಾಣುತ್ತದೆ. ಬಸವಣ್ಣನ ಮಹಾಮನೆಯಲ್ಲಿಯೇ ಅವನು ಹನ್ನೆರಡು ವರ್ಷ ಮರುಳನಂತೆ ಇದ್ದನು. ಪ್ರತಿದಿನ ಜನಸಾಗರ ಬಂದು ಹೋಗುತ್ತಿದ್ದ ಆ ಮನೆಯಲ್ಲಿ ಅವನ ಹಿರಿಮೆಯನ್ನು ಗುರುತಿಸಿದವರಿಲ್ಲ. ಅಲ್ಲಮನು ಬಂದು ತೋರಿಸಿದಾಗ ಬಸವಣ್ಣ ಪರಿತಪಿಸುತ್ತಾನೆ. ಕೂಟವನ್ನು ಕಟ್ಟಿದವನ ಕಣ್ಣಿಗೇ ಒಬ್ಬನು ತಪ್ಪಿಹೋದನೆಂಬುದನ್ನು ಕೃತಿಯು ಮರೆಮಾಚಿಲ್ಲ. ಪೋಲಾರ್ ಬಾಯಿಯನ್ನು ಪರೀಕ್ಷಿಸಿ ಹೊರಗೆ ಕಳುಹಿಸಿದ್ದರು. ಮರುಳಶಂಕರನನ್ನು ಒಳಗೆ ಇಟ್ಟುಕೊಂಡೇ ಮರೆತಿದ್ದರು. ಎರಡನೆಯದು ಹೆಚ್ಚು ಸಾಮಾನ್ಯ, ಹೆಚ್ಚು ನೋವಿನದು.

2021ರ ಜನವರಿ 6ರಂದು ಬಸವಕಲ್ಯಾಣದಲ್ಲಿ ನೂತನ ಅನುಭವ ಮಂಟಪಕ್ಕೆ ಶಂಕುಸ್ಥಾಪನೆ ನಡೆಯಿತು. ಕಂಬಗಳನ್ನು ಶಿಲ್ಪಿಗಳು ನಿಲ್ಲಿಸಬಲ್ಲರು, ಬಾಗಿಲಿನ ಗುಣವನ್ನು ಒಳಗಿನವರೇ ನಿರ್ಧರಿಸಬೇಕು. ನಮ್ಮ ಗಾಯನವೃಂದಕ್ಕೆ, ಯುವಜನ ಸಂಘಕ್ಕೆ ಹೊಸ ಮುಖವೊಂದು ಬಂದಾಗ ನಾವು ದನಿಯನ್ನು, ಜಾಣ್ಮೆಯನ್ನು, ಮನೆತನವನ್ನು ಕೇಳುತ್ತೇವೆ. ಅದರ ಜೊತೆಗೆ ನಮ್ಮನ್ನೂ ಪ್ರಶ್ನಿಸಲು ಅವರಿಗೆ ಅವಕಾಶ ಕೊಡುತ್ತೇವೆಯೇ? ವರ್ಷಗಳಿಂದ ಕುರ್ಚಿಗಳನ್ನು ಜೋಡಿಸುತ್ತ, ಕಸ ಗುಡಿಸುತ್ತ ಹಿಂದೆ ಉಳಿದವರ ಹೆಸರಾದರೂ ನಮಗೆ ತಿಳಿದಿದೆಯೇ? ಮಕ್ಕಳಿಗೆ ವೀರರ ಕಥೆಯನ್ನು ಹೇಳುವಾಗ ಮರುಳಶಂಕರನ ಕಥೆಯನ್ನೂ ಹೇಳೋಣ.